ಹಲಬರ್ಗಾದ ಪನಡುಬ್ಬಿ

ಸಾವಿರದ ಒಂಬೈನೂರ ಐವತ್ತೆರಡನೆಯ ಇಸವಿಯ ಜೂನ್ ತಿಂಗಳು. ಭಾತಂಬ್ರಾದ ಶಾಲೆಗೆ ಹೊಸದಾಗಿ ಬಂದಿದ್ದ ಮಾಸ್ತರನು, ಎಂದರೆ ಈ ಸಾಲುಗಳನ್ನು ಬರೆಯುತ್ತಿರುವವನು, ಕೈಯಲ್ಲಿ ಕೆಟ್ಟ ಕಂದೀಲನ್ನು ಹಿಡಿದುಕೊಂಡು ಬಾಬುಮಿಯಾನ ಚಹಾದಂಗಡಿಯ ಮುಂದೆ ನಿಂತಿದ್ದನು. ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದು ಬಹಳ ದಿನಗಳಾಗಿರಲಿಲ್ಲ. ಹಲಗೆಯ ಮೇಲೆ ಬಲಗಡೆಯಿಂದ ಬರೆಯಬೇಕೋ ಎಡಗಡೆಯಿಂದ ಬರೆಯಬೇಕೋ ಎಂದು ಮಕ್ಕಳು ಇನ್ನೂ ಕೇಳುತ್ತಿದ್ದ ಕಾಲ. ಸರಕಾರವು ಶಾಲೆಗೆ ಕೊಟ್ಟಿದ್ದ ಆಸ್ತಿಯೆಂದರೆ ಒಂದು ಕುರ್ಚಿ, ಒಂದು ಹಿತ್ತಾಳೆಯ ಗಂಟೆ ಮತ್ತು ಈ ಕಂದೀಲು. ಕುರ್ಚಿಗೆ ಮೂರು ಕಾಲು, ಗಂಟೆಗೆ ನಾಲಗೆ ಇಲ್ಲ, ಕಂದೀಲಿಗೆ ಉಸಿರಿಲ್ಲ.

“ಇದನ್ನ ರಿಪೇರಿ ಯಾರು ಮಾಡ್ತಾರ್ರಿ?” ಎಂದು ಮಾಸ್ತರನು ಕೇಳಿದನು.

ಬಾಬುಮಿಯಾನು ಚಹಾ ಸೋಸುತ್ತ, “ಪನಡುಬ್ಬಿ ಹಾವಗೆಪ್ಪ ಅದಾನಲ್ರಿ ಮಾಸ್ತರ ಸಾಬ್. ಕೂಡ್ರಿ, ಈಗ ಬರ್ತಾನ,” ಎಂದನು.

ಪನಡುಬ್ಬಿ ಎಂದರೆ ನೀರೊಳಗೆ ಮುಳುಗಿ ಹೋಗುವ ಯುದ್ಧದ ಹಡಗು, ಜಲಾಂತರ್ಗಾಮಿ. ಭಾತಂಬ್ರಾದಿಂದ ಸಮುದ್ರವು ಮುನ್ನೂರು ಮೈಲಿಯಾಚೆ ಇದೆ. ಜೂನ್ ತಿಂಗಳಲ್ಲಿ ಆ ಊರಿನ ಬಾವಿಗಳಲ್ಲಿ ಕೊಡ ಮುಳುಗುವುದೇ ಕಷ್ಟ. ಮಾಸ್ತರನು ಅದನ್ನು ಯೋಚಿಸುತ್ತಿರುವಾಗಲೇ ಇಪ್ಪತ್ತಮೂರು ವರ್ಷದ ಒಬ್ಬ ತೆಳ್ಳನೆಯ ತರುಣ ಬಂದನು. ಅವನ ಅಂಗಿಯ ಜೇಬಿನಿಂದ ಒಂದು ಪಕ್ಕಡ ಇಣುಕುತ್ತಿತ್ತು. ತಂತಿ ಕತ್ತರಿಸುವ, ಮೊಳೆ ಕೀಳುವ ಆ ಇಕ್ಕಳಕ್ಕೆ ನಮ್ಮ ಕಡೆಯಲ್ಲಿ ಪಕ್ಕಡ ಎಂದೇ ಹೆಸರು. ಕೈ ಜಾರದಂತೆ ಅದರ ಒಂದು ಹಿಡಿಕೆಗೆ ತಾಮ್ರದ ತಂತಿ ಸುತ್ತಿತ್ತು. ಹಾವಗೆಪ್ಪನು ತನ್ನ ಪ್ರತಿಯೊಂದು ಪಕ್ಕಡಕ್ಕೂ ಹಾಗೆಯೇ ಸುತ್ತುತ್ತಿದ್ದನು.

ಅವನು ಕಂದೀಲನ್ನು ಮೂಸಿದನು, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದನು, ರೋಗಿಯ ಮನೆಯವರಿಗೆ ಹೇಳುವ ವೈದ್ಯನಂತೆ ಹೇಳಿದನು: “ಬತ್ತಿ ಛಲೋ ಅದರಿ. ಗಾಳಿ ತೂತು ಮುಚ್ಚ್ಯಾವ. ಒಳಗ ಉಸಿರು ಕಟ್ಟ್ಯದ.”

“ಅಲ್ರಿ, ನಿಮಗ ಪನಡುಬ್ಬಿ ಅಂತ ಯಾಕ ಕರೀತಾರ?”

ಹಾವಗೆಪ್ಪನ ಕಿವಿಗಳು ಕೆಂಪಾದವು. “ಅದನ್ನ ಹೇಳಬಾರ್ದು ಅಂತ ಅದರಿ,” ಎಂದನು. ಬಿಚ್ಚಿದ ಬರ್ನರು ಅವನ ಕೈಯಿಂದ ಜಾರಿ ಮಾಸ್ತರನ ಚಹಾದಲ್ಲಿ ಬಿದ್ದಿತು.

ಹೇಳಬಾರದ ಆ ಸಂಗತಿ ಹೀಗಿತ್ತು.

ನಾಲ್ಕು ವರ್ಷಗಳ ಹಿಂದೆ, ನಿಜಾಮರ ರಾಜ್ಯದ ಮೇಲೆ ಭಾರತದ ಪೊಲೀಸ್ ಕಾರ್ಯಾಚರಣೆ ಆರಂಭವಾದ ಸೋಮವಾರದ ದಿನ, ಹಾವಗೆಪ್ಪನು ಏಳು ಕಂದೀಲುಗಳನ್ನು ಕೋಲಿಗೆ ಸಿಕ್ಕಿಸಿ ಹೆಗಲ ಮೇಲೆ ಹೊತ್ತು ಹಲಬರ್ಗಾಕ್ಕೆ ಹೋಗಿದ್ದನು. ರಿಪೇರಿಯಾದವುಗಳನ್ನು ಕೊಟ್ಟು ಕೆಟ್ಟವುಗಳನ್ನು ತರುವುದು ಅವನ ಉದ್ದೇಶ. ಊರ ನಡುವೆ ನಿಂತು ಮೊದಲ ಗಿರಾಕಿಯನ್ನು ಕರೆಯುವ ಹೊತ್ತಿಗೆ ಬೀದರಿನ ಕಡೆಗೆ ಒಂದು ವಿಮಾನ ಬಹಳ ಕೆಳಗಿನಿಂದ ಹಾರಿಹೋಯಿತು. ಜನರೆಲ್ಲ ತಮ್ಮ ತಮ್ಮ ಮನೆ ಹೊಕ್ಕು ಬಾಗಿಲು ಹಾಕಿಕೊಂಡರು. ಹಾವಗೆಪ್ಪನಿಗೆ ಆ ಊರಿನಲ್ಲಿ ಮನೆಯಿರಲಿಲ್ಲ. ಅವನು ಓಡುತ್ತ ಓಡುತ್ತ ಒಂದು ದನದ ಕೊಟ್ಟಿಗೆಯ ಅಂಗಳಕ್ಕೆ ಬಂದನು. ನೆಲದಲ್ಲಿ ಒಂದು ದುಂಡನೆಯ ಬಾಯಿ ಕಂಡಿತು. ಮುಚ್ಚಿದ ಕಲ್ಲು ಅರ್ಧ ಸರಿದಿತ್ತು. ಕಂದೀಲುಗಳನ್ನು ಹುಲ್ಲಿನ ಬಣವೆಯೊಳಗೆ ಎಸೆದು ಅವನು ಕೆಳಗೆ ಹಾರಿದನು.

ಅದು ಹಗೇವು. ಜೋಳ ತುಂಬಿಡಲು ನಮ್ಮವರು ನೆಲದೊಳಗೆ ತೋಡುತ್ತಿದ್ದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಆದ್ದರಿಂದ ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಬಿಟ್ಟು ನೋಡುವುದು ರಿವಾಜು. ದೀಪ ಉರಿದರೆ ಇಳಿಯಬಹುದು. ಆರಿದರೆ ಬಾಯಿ ತೆರೆದಿಟ್ಟು ಮರುದಿನ ನೋಡಬೇಕು. ಏಳು ಕಂದೀಲು ಹೊತ್ತು ಬಂದಿದ್ದ ಮನುಷ್ಯನು ಒಂದನ್ನೂ ಬಿಟ್ಟು ನೋಡದೆ ಹಾರಿದನಲ್ಲ ಎಂದು ಆಮೇಲೆ ಅವನಿಗೇ ನಾಚಿಕೆಯಾಗುತ್ತಿತ್ತು. ಪುಣ್ಯಕ್ಕೆ ಆ ವರ್ಷ ಸರಕಾರಕ್ಕೆ ಧಾನ್ಯ ವಸೂಲು ಮಾಡುವ ಲೆವ್ಹಿಯವರು ಜೋಳವನ್ನೆಲ್ಲ ಒಯ್ದು ಹಗೇವು ಬರಿದಾಗಿತ್ತು, ಕಲ್ಲೂ ಸರಿದಿತ್ತು. ಗಾಳಿ ಚೆನ್ನಾಗಿತ್ತು. ಮೇಲೆ ಹತ್ತುವ ಉಪಾಯ ಮಾತ್ರ ಇರಲಿಲ್ಲ.

ಸಂಜೆ ಮಳೆ ಬರುವಂತಾದಾಗ ಆ ಮನೆಯ ಮಗಳು, ಹದಿಮೂರು ವರ್ಷದ ಗುರಮ್ಮ, ಹಗೇವಿನ ಬಾಯಿಗೆ ಕಲ್ಲು ಮುಚ್ಚಲು ಬಂದಳು. ಒಳಗಿನಿಂದ ಸೀನಿದ ಸಪ್ಪಳ ಕೇಳಿತು. ಅವಳು ಕಿರಿಚಲಿಲ್ಲ. ಮನೆಯೊಳಗೆ ಹೋಗಿ ದೀಪ ತಂದು ಹಗ್ಗಕ್ಕೆ ಕಟ್ಟಿ ರಿವಾಜಿನ ಪ್ರಕಾರ ಕೆಳಗೆ ಬಿಟ್ಟಳು. ದೀಪ ಆರಲಿಲ್ಲ. ಬೆಳಕಿನಲ್ಲಿ ಒಂದು ಮುಖ ಕಂಡಿತು.

“ಯಾರದು?”

“ಕಂದೀಲ ರಿಪೇರಿಯವ.”

“ಅಲ್ಲಿ ಕೆಳಗ ಯಾವ ಕಂದೀಲ ಅದ?”

“ವಿಮಾನ ಹೋದ ಮ್ಯಾಲ ಬರ್ತೇನಿ,” ಎಂದನು.

“ವಿಮಾನ ಹೋಗಿ ಹೊತ್ತು ಮುಳುಗ್ತು.”

“ಮತ್ತ ಬಂದೀತು.”

ಗುರಮ್ಮ ತಿರುಗಿ ಬಾಗಿಲ ಕಡೆ ನೋಡಿದಳು. ಅವಳ ತಂದೆ ಮಲ್ಲಿಕಾರ್ಜುನಪ್ಪನು ಆ ಗಲಾಟೆಯ ದಿನಗಳಲ್ಲಿ, ವಿಮಾನ ಹೋದಾಗಿನಿಂದ, ಹೊರಗಿನವರು ಯಾರೂ ಬರದಂತೆ ಬಡಿಗೆ ಹಿಡಿದು ಅಂಗಳದ ಬಾಗಿಲಲ್ಲಿ ಕುಳಿತುಬಿಟ್ಟಿದ್ದನು. ಊಟ, ನಿದ್ದೆ ಎಲ್ಲ ಅಲ್ಲಿಯೇ. ಅವನ ಕಣ್ಣೆದುರು ಅಪರಿಚಿತ ಹುಡುಗನೊಬ್ಬನನ್ನು ನೆಲದಿಂದ ಎಳೆದು ತೆಗೆಯುವುದು ಆಗದ ಮಾತು. “ಒದರಬ್ಯಾಡ,” ಎಂದು ಅವಳು ಪಿಸುಗುಟ್ಟಿದಳು. “ನೀರು ಬೇಕಾದ್ರ ಗ್ವಾಡಿಗಿ ಒಂದು ಸಲ ಬಡಿ, ರೊಟ್ಟಿ ಬೇಕಾದ್ರ ಎರಡು ಸಲ. ಮತ್ತ ಯಾರ ಮುಂದೂ ಹೇಳಬ್ಯಾಡ.”

ಹೀಗೆ ನಾಲ್ಕು ದಿನ ನಡೆಯಿತು. ಹಾವಗೆಪ್ಪ ಪಕ್ಕಡದಿಂದ ಬಡಿಯುವನು, ಮೇಲಿನಿಂದ ಅರಿವೆಯಲ್ಲಿ ಕಟ್ಟಿದ ರೊಟ್ಟಿ ಇಳಿಯುವುದು. ಐದನೆಯ ದಿನ ನಿಜಾಮರ ಫೌಜು ಶರಣಾಯಿತೆಂಬ ಸುದ್ದಿ ಬಂದು ಮಲ್ಲಿಕಾರ್ಜುನಪ್ಪನು ವಿಚಾರಿಸಲು ಭಾಲ್ಕಿಗೆ ಹೋದನು. ಗುರಮ್ಮ ಏಣಿ ಬಿಟ್ಟಳು. ಮೇಲೆ ಬರುವ ಅವಸರದಲ್ಲಿ ಹಾವಗೆಪ್ಪನು ಪಕ್ಕಡವನ್ನು ಒಳಗೆಯೇ ಮರೆತನು. ಬಣವೆಯೊಳಗಿನ ಕಂದೀಲುಗಳನ್ನು ಮಾತ್ರ ಹೊತ್ತುಕೊಂಡು ಹೋದನು.

ಆ ವಾರಗಳಲ್ಲಿ ನಮ್ಮ ಸೀಮೆಯ ಎಷ್ಟೋ ಮನೆಗಳ ಮೇಲೆ ಬಂದ ದುಃಖವನ್ನು ಇಲ್ಲಿ ಹೇಳಲು ಹೋಗುವುದಿಲ್ಲ. ಅದು ನಗುತ್ತ ಹೇಳುವ ಮಾತಲ್ಲ. ಹಾವಗೆಪ್ಪನು ಭಾತಂಬ್ರಾ ತಲುಪಿದಾಗ ಅವನ ತಾಯಿ ಸುಮಿತ್ರಾಬಾಯಿಯು ಬಾಬುಮಿಯಾನನ್ನೂ ಅವನ ಹೆಂಡತಿ ಶಾಕಿರಾ ಬೇಗಂಳನ್ನೂ ತನ್ನ ಒಳಮನೆಯಲ್ಲಿ ಅಡಗಿಸಿಟ್ಟುಕೊಂಡು, ಬಾಗಿಲಿಗೆ ಅಡ್ಡವಾಗಿ ತಾನೇ ಕುಳಿತಿದ್ದಳು. ಅಂಥಲ್ಲಿಗೆ ಈ ಮಗರಾಯ ಬಂದು ನಿಂತನು. ಮುಖ ಬಿಳಿಚಿತ್ತು, ಬೆಳಕಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ, ಮೈಯೆಲ್ಲ ಮುಗ್ಗಿದ ಜೋಳದ ವಾಸನೆ.

“ಎಲ್ಲಿ ಹೋಗಿದ್ಯೋ?” ಎಂದು ತಾಯಿ ಕೇಳಿದಳು. ಹಾವಗೆಪ್ಪನ ಓರಗೆಯ ಹುಡುಗರಲ್ಲಿ ಕೆಲವರು ನಿಜಾಮರ ವಿರುದ್ಧ ಹೋರಾಡಲು ಗಡಿಯ ಶಿಬಿರಗಳಿಗೆ ಹೋಗಿದ್ದರು. ತಾನು ಒಂದು ವಿಮಾನಕ್ಕೆ ಹೆದರಿ ಯಾರದೋ ಹಗೇವಿನಲ್ಲಿ ಕುಳಿತಿದ್ದೆನೆಂದು ಹೇಳಲು ಬಾಯಿ ಬರಲಿಲ್ಲ. ಹೇಳುವುದಿಲ್ಲವೆಂದು ಆ ಹುಡುಗಿಗೆ ಮಾತನ್ನೂ ಕೊಟ್ಟಿದ್ದನು.

ಐದು ದಿನಗಳಿಂದ ಉರ್ದು ಪತ್ರಿಕೆ ಕಾಣದೆ ಒಣಗಿಹೋಗಿದ್ದ ಬಾಬುಮಿಯಾನು ಎದ್ದು ಬಂದು ಹಾವಗೆಪ್ಪನ ಸುತ್ತ ಒಂದು ಸುತ್ತು ಹಾಕಿದನು.

“ಬಿಸಿಲು ಕಾಣದ ಮಾರಿ. ಗಾಳಿ ಆಡದ ಜಾಗಾದ ವಾಸನಿ. ಕುಂತು ಕುಂತು ಮೊಣಕಾಲು ಸೆಟದಾವ. ಅಮ್ಮಾ, ಇವ ಪನಡುಬ್ಬಿಯಾಗ ಇದ್ದ ನೋಡ್ರಿ. ಅದರಾಗಿನ ಮಂದಿ ಹೀಂಗೇ ಇರ್ತಾರಂತ ಅಖಬಾರದಾಗ ಓದೀನಿ ನಾ.”

“ಹಂಗಂದ್ರ?”

“ನೀರಾಗ ಮುಳುಗೋ ಜಹಾಜರಿ. ಬೀದರಿಗಿ ವಿಮಾನ ಬಂದು ಬಂದೂಕಿನ ಪೆಟ್ಟಿಗಿ ಇಳಿಸ್ತಾವ ಅಂತಿದ್ರಲ್ಲ ಮಂದಿ. ವಿಮಾನ ಬರೂದಾದ್ರ ಇದೂ ಬಂದೀತು. ಮಾಂಜ್ರಾ ಹೊಳಿ ತುಂಬ್ಯದ.”

“ಹೌದೇನೋ ಹಾವಗೆಪ್ಪಾ?”

“ಹೇಳಬಾರ್ದು ಅಂತ ಅದವ್ವಾ,” ಎಂದನು ಹಾವಗೆಪ್ಪ. ಅದು ಸುಳ್ಳಲ್ಲವೆಂದು ಅವನು ಇಂದಿಗೂ ವಾದಿಸುತ್ತಾನೆ.

“ಯಾರ ಪನಡುಬ್ಬಿ? ನಿಜಾಮರದೋ, ಹಿಂದೂಸ್ತಾನದ್ದೋ?” ಎಂದು ಬಾಬುಮಿಯಾ ಬೆನ್ನು ಬಿಡಲಿಲ್ಲ.

“ಒಳಗ ಕತ್ತಲಿತ್ತು. ಯಾರದಂತ ಕಾಣಲಿಲ್ಲ.”

ಐದು ದಿನಗಳಿಂದ ಯಾರೂ ನಗದಿದ್ದ ಆ ಒಳಮನೆಯಲ್ಲಿ ಮೊದಲು ಶಾಕಿರಾ ಬೇಗಂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಆಮೇಲೆ ಸುಮಿತ್ರಾಬಾಯಿ ನಕ್ಕಳು. ಅವರು ನಗುವುದನ್ನು ನೋಡಿದ ಮೇಲೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಹಾವಗೆಪ್ಪನಿಗೆ ಮನಸ್ಸಾಗಲಿಲ್ಲ.

ಅಲ್ಲಿಂದ ಅವನ ಹೆಸರಿನ ಹಿಂದೆ ಪನಡುಬ್ಬಿ ಅಂಟಿಕೊಂಡಿತು. ಬಾವಿಗೆ ಕೊಡ ಬಿದ್ದರೆ ಜನ ಅವನನ್ನು ಕರೆಯತೊಡಗಿದರು. ಅವನಿಗೆ ಈಜು ಬರುತ್ತಿರಲಿಲ್ಲ. ಬಾವಿಯ ಕಟ್ಟೆಗೆ ಬಂದು, ಬಗ್ಗಿ, ಬಹಳ ಹೊತ್ತು ನೀರನ್ನು ನೋಡಿ, “ಪಾತಾಳಗರಡಿ ತರ್ರಿ,” ಎನ್ನುತ್ತಿದ್ದನು. ಕೊಕ್ಕೆಗಳ ಆ ಗೊಂಚಲನ್ನು ಹಗ್ಗಕ್ಕೆ ಕಟ್ಟಿ ಬಿಟ್ಟರೆ ಕೊಡ ಮೇಲೆ ಬರುವುದು ಊರಿಗೆಲ್ಲ ಗೊತ್ತಿದ್ದ ಮಾತೇ. ಆದರೂ ಪನಡುಬ್ಬಿಯವ ನೋಡಿ ಹೇಳಿದನೆಂದರೆ ಅದರ ತೂಕವೇ ಬೇರೆ.

ಇತ್ತ ಹಲಬರ್ಗಾದಲ್ಲಿ ಮಲ್ಲಿಕಾರ್ಜುನಪ್ಪನ ಮನೆಯ ಕಂದೀಲು ವರ್ಷಕ್ಕೆ ಎಂಟು ಸಲ ಕೆಡುತ್ತಿತ್ತು. ಗುರಮ್ಮ ಬತ್ತಿಯನ್ನು ಒಳಗೆ ಎಳೆದು ಬಿಡುತ್ತಿದ್ದಳೆಂಬುದು ಇಬ್ಬರಿಗೆ ಮಾತ್ರ ತಿಳಿದ ಗುಟ್ಟು. ಹಾವಗೆಪ್ಪ ಬರುತ್ತಿದ್ದನು, ಕಟ್ಟೆಯ ಮೇಲೆ ಕುಳಿತು ಕೆಲಸ ಮಾಡುತ್ತಿದ್ದನು. ಎದುರಿಗೆ ಮಲ್ಲಿಕಾರ್ಜುನಪ್ಪನು ಎಲೆ ಅಡಕೆಯ ಚಂಚಿ ಬಿಚ್ಚಿ, ಒಂದು ಪಕ್ಕಡ ತೆಗೆದು, ಅದರಿಂದ ಅಡಕೆ ಒಡೆಯುತ್ತಿದ್ದನು. ಹಿಡಿಕೆಗೆ ತಾಮ್ರದ ತಂತಿ.

“ಇದು ನನ್ನ ಹಗೇವಿನ್ಯಾಗ ಸಿಕ್ಕದ ನೋಡು,” ಎಂದು ಅವನು ಪ್ರತಿಸಲವೂ ಹೇಳುತ್ತಿದ್ದನು. “ಆ ಗದ್ದಲದಾಗ ನಾ ಹಗಲಿ ರಾತ್ರಿ ಬಾಗಲದಾಗೇ ಇದ್ದೆ. ಒಂದು ಗುಬ್ಬಿ ಒಳಗ ಬರ್ಲಿಲ್ಲ. ಮತ್ತ ಇದು ಹ್ಯಾಂಗ ಬಂತು?”

“ಇಲಿ ತಂದಿರಬೇಕ್ರಿ,” ಎಂದು ಹಾವಗೆಪ್ಪ ಹೇಳುತ್ತಿದ್ದನು. ಆ ಒಂದು ಮನೆಯಲ್ಲಿ ಮಾತ್ರ ಅವನು ತನ್ನ ಪಕ್ಕಡವನ್ನು ಜೇಬಿನ ತಳಕ್ಕೆ ಒತ್ತಿ, ತಂತಿಯನ್ನು ಹಲ್ಲಿನಿಂದಲೇ ಕಡಿಯುತ್ತಿದ್ದನು.

ಗುರಮ್ಮನಿಗೆ ಹತ್ತೊಂಬತ್ತು ತುಂಬಿತು. ಬಂದ ವರಗಳಿಗೆಲ್ಲ ಅವಳು ಒಂದೊಂದು ಕುಂದು ತೆಗೆದಳು. ಒಬ್ಬನ ಕಿವಿ ದೊಡ್ಡದು, ಒಬ್ಬನು ಉಣ್ಣುವಾಗ ಸಪ್ಪಳ ಮಾಡುತ್ತಾನೆ, ಒಬ್ಬನು ಸಪ್ಪಳವನ್ನೇ ಮಾಡುವುದಿಲ್ಲ. ಕೊನೆಗೆ ಐವತ್ತನಾಲ್ಕರ ಮಾಘದಲ್ಲಿ ಸುಮಿತ್ರಾಬಾಯಿ ಹೆಣ್ಣು ಕೇಳಲು ಹಲಬರ್ಗಾಕ್ಕೆ ಬಂದಳು. ಮಲ್ಲಿಕಾರ್ಜುನಪ್ಪನು ಎಲ್ಲವನ್ನೂ ಕೇಳಿಸಿಕೊಂಡನು.

“ಹುಡುಗ ಛಲೋ ಅದಾನ್ರಿ ಬಾಯಿ, ಕೆಲಸದವ ಅದಾನ. ಆದರ ಆ ಪನಡುಬ್ಬಿ ಮಾತು ನನ್ನ ಗಂಟಲದಾಗ ಇಳೀವಲ್ದು. ಸುಳ್ಳು ಹೇಳಿ ಬಂದ ಅಳಿಯ ನಾಳಿಗಿ ನನ್ನ ಮಗಳ ಮುಂದ ಏನೇನು ಹೇಳ್ತಾನೋ. ಬೀದರ ಟೇಶನ್ನಿಗಿ ಪನಡುಬ್ಬಿ ಪ್ರದರ್ಶನ ಬಂದದಂತ. ಅಲ್ಲಿ ಮುಂದ ನಿಂತು ಎಲ್ಲಾ ತೋರಸಲಿ. ಅಲ್ಲಿಯವ ‘ಹೌದು, ಇವ ನಮ್ಮವ’ ಅಂದ್ರ ಅಲ್ಲೇ ಎಲಿ ಅಡಕಿ ಕೊಡ್ತೇನಿ. ಇಲ್ಲಂದ್ರ ಹಲಬರ್ಗಾದ ಹಾದಿ ಹಿಡೀಬ್ಯಾಡ ಅನ್ರಿ. ನಮ್ಮ ಕಂದೀಲ ಕೆಟ್ಟೇ ಇರ್ಲಿ.”

ಹಾವಗೆಪ್ಪನಿಗೆ ಎರಡು ದಿನ ಅನ್ನ ಸೇರಲಿಲ್ಲ. ರಿಪೇರಿಯಾದ ಕಂದೀಲನ್ನು ಕೊಡುವ ನೆವದಿಂದ ಗುರಮ್ಮನನ್ನು ಬಾಗಿಲಲ್ಲಿ ಕಂಡು, “ಖರೇ ಹೇಳಿಬಿಡ್ಲೇನು?” ಎಂದು ಕೇಳಿದನು.

“ಹೇಳು,” ಎಂದಳು ಗುರಮ್ಮ. “ನಮ್ಮಪ್ಪ ನಿನ್ನ ಮತ್ತ ಅದರಾಗೇ ಹಾಕಿ ಮ್ಯಾಲ ಕಲ್ಲು ಇಡ್ತಾನ.”

ಗೊತ್ತಾದ ದಿನ ಭಾಲ್ಕಿಯಲ್ಲಿ ಹಾವಗೆಪ್ಪ, ಬಾಬುಮಿಯಾ ಮತ್ತು ಬೋರ್ಡು ಓದಿ ಹೇಳಲೆಂದು ಮಾಸ್ತರನು ರೈಲು ಹತ್ತಿದರು. ಹಲಬರ್ಗಾದಲ್ಲಿ ಮಲ್ಲಿಕಾರ್ಜುನಪ್ಪ, ರೊಟ್ಟಿಯ ಗಂಟು ಹಿಡಿದ ಗುರಮ್ಮ, ಅವರ ಹಿಂದೆ ಅರ್ಧ ಊರು ಹತ್ತಿತು. ಬೀದರ ನಿಲ್ದಾಣದ ಕೊನೆಯ ಹಳಿಯ ಮೇಲೆ ಎರಡು ಡಬ್ಬಿಗಳು ನಿಂತಿದ್ದವು. ಎರಡಕ್ಕೂ ಬೂದಿಬಣ್ಣ ಬಳಿದು, “ನೀರೊಳಗಿನ ನೌಕಾಯುದ್ಧದ ಸಂಚಾರಿ ಸಂಗ್ರಹಾಲಯ” ಎಂದು ನಾಲ್ಕು ಭಾಷೆಗಳಲ್ಲಿ ಬರೆದಿತ್ತು. ಬಾಗಿಲಲ್ಲಿ ಬಿಳಿಯ ಸಮವಸ್ತ್ರ ತೊಟ್ಟ ಒಬ್ಬ ದಪ್ಪ ಮನುಷ್ಯ ನಿಂತಿದ್ದನು. ಅವನು ಔರಾದ ತಾಲೂಕಿನ ಠಾಣಾ ಕುಶನೂರಿನ ಗೋರಖನಾಥ. ಹದಿನೈದು ವರ್ಷ ಮುಂಬಯಿಯಲ್ಲಿ ನೌಕಾದಳದ ಚಾಕರಿ ಮಾಡಿ ಬಂದವನು.

ಮಲ್ಲಿಕಾರ್ಜುನಪ್ಪನು ನೇರವಾಗಿ ಅವನ ಮುಂದೆ ಹೋಗಿ, “ಈ ಹುಡುಗ ಪನಡುಬ್ಬಿಯಾಗ ಇದ್ದು ಬಂದಾನ. ನೀವು ಸ್ವಲ್ಪ ಪರೀಕ್ಷಾ ಮಾಡ್ರಿ,” ಎಂದನು.

ಹಾವಗೆಪ್ಪನ ಬಾಯಿ ಒಣಗಿತು. ಗೋರಖನಾಥನ ಬಾಯಿ ಅದಕ್ಕಿಂತ ಹೆಚ್ಚು ಒಣಗಿದ್ದನ್ನು ಆಗ ಯಾರೂ ಗಮನಿಸಲಿಲ್ಲ. ಅವನು ಹಾವಗೆಪ್ಪನಿಗೆ ಒಂದು ಸೆಲ್ಯೂಟು ಹೊಡೆದನು. ಹಾವಗೆಪ್ಪನು ಎರಡೂ ಕೈ ಜೋಡಿಸಿ ಶರಣು ಎಂದನು.

ಮೊದಲನೆಯ ಡಬ್ಬಿಯಲ್ಲಿ ಹಿತ್ತಾಳೆಯ ದೊಡ್ಡ ಟೋಪಿ ಇದ್ದ ಮುಳುಗುವವರ ಉಡುಪು ಇತ್ತು. “ಇದನ್ನ ಹಾಕ್ಕೊಂಡು ಎಲಿ ಅಡಕಿ ಹ್ಯಾಂಗ ಉಗುಳ್ತಾರ?” ಎಂದು ಮಲ್ಲಿಕಾರ್ಜುನಪ್ಪ ಕೇಳಿದನು. ಗೋರಖನಾಥನು ಹಾವಗೆಪ್ಪನ ಕಡೆ ನೋಡಿದನು, ಹಾವಗೆಪ್ಪನು ಗೋರಖನಾಥನ ಕಡೆ ನೋಡಿದನು. “ಡ್ಯೂಟಿ ಮ್ಯಾಲ ತಿನ್ನೂದಿಲ್ರಿ,” ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

ಮುಂದೆ ಪೆರಿಸ್ಕೋಪು ಇತ್ತು. ಕೊಳವೆಯ ಕೆಳತುದಿಯಲ್ಲಿ ಕಣ್ಣಿಟ್ಟರೆ ಡಬ್ಬಿಯ ಮೇಲಿನ ಲೋಕವೆಲ್ಲ ಕಾಣುವುದು. ಬಾಬುಮಿಯಾನು ಕಣ್ಣಿಟ್ಟು, “ಟೇಶನ್ ಮಾಸ್ತರನ ಆಡು ಹಸಿರು ಝಂಡಾ ತಿನ್ಲಾಕತ್ಯದ,” ಎಂದು ವರದಿ ಮಾಡಿದನು. ಮಲ್ಲಿಕಾರ್ಜುನಪ್ಪನೂ ನೋಡಿದನು. “ಇಷ್ಟು ನೋಡ್ಲಾಕ ನೀರಾಗ ಯಾಕ ಮುಳುಗಬೇಕು? ಮಾಳಗಿ ಹತ್ತಿದ್ರ ಕಾಣಂಗಿಲ್ಲೇನು?” ಎಂದನು. ಇಬ್ಬರು ನಿಪುಣರೂ ಅವಸರದಿಂದ ಎರಡನೆಯ ಡಬ್ಬಿಯ ಕಡೆ ನಡೆದರು.

ಎರಡನೆಯ ಡಬ್ಬಿಯನ್ನು ಜಲಾಂತರ್ಗಾಮಿಯ ಒಳಗಿನಂತೆಯೇ ಸಜ್ಜುಗೊಳಿಸಿದ್ದರು. ಹೆಂಗಸರಿಗೆ ಪಕ್ಕದಲ್ಲಿ ಸಣ್ಣ ಬಾಗಿಲು. ಗಂಡಸರು ನೌಕಾದಳದವರಂತೆ ಏಣಿಯಿಂದ ಡಬ್ಬಿಯ ಮೇಲೆ ಹತ್ತಿ, ಒಂದು ದುಂಡನೆಯ ಬಾಯಿಯಿಂದ ಕೆಳಗಿಳಿಯಬೇಕು. ಹಾವಗೆಪ್ಪನು ಎಲ್ಲರಿಗಿಂತ ಮುಂದೆ ಹತ್ತಿದನು. ಹಿಂದೆಯೇ ಬಂದ ಗೋರಖನಾಥನು ಮುಚ್ಚಳ ತೆರೆದನು. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಕತ್ತಲು, ಮುಗ್ಗಲು ವಾಸನೆ. ಯೋಚಿಸುವ ಮೊದಲೇ ಹಾವಗೆಪ್ಪನ ಬಾಯಿಂದ ಮಾತು ಹೊರಟಿತು:

“ದೀಪ ಬಿಟ್ಟು ನೋಡೀರೇನ್ರಿ?”

ಗೋರಖನಾಥನು ಅವನ ಮುಖವನ್ನೇ ದಿಟ್ಟಿಸಿದನು. ಎಷ್ಟಾದರೂ ಅವನು ಠಾಣಾ ಕುಶನೂರಿನ ಒಕ್ಕಲಿಗನ ಮಗ. ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದನು: “ಹಗೇವಿನ್ಯಾಗ ಎಷ್ಟು ದಿನ ಇದ್ದಿ ತಮ್ಮಾ?”

ಹಾವಗೆಪ್ಪನಿಗೆ ಅಳು ಬರುವಂತಾಯಿತು. “ನಾಲ್ಕು. ನನ್ನ ಮಾನ ಕಾಯರಿ ಅಣ್ಣಾರ. ಈ ಹೆಣ್ಣು ತಪ್ಪಿದ್ರ ನಾ ಉಳಿಯಂಗಿಲ್ಲ.”

“ನೀನು ನನ್ನ ಮಾನ ಕಾಯಿ. ಖರೇ ಪನಡುಬ್ಬಿಯವ ಬಂದಾನಂತ ನನಗ ಜೀವ ಹೋಗಿತ್ತು.”

“ಅಂದ್ರ ನೀವು?”

“ಜಹಾಜದ ಅಡಗಿ ಮನಿ. ಹದಿನೈದು ವರ್ಷ ಬ್ಯಾಳಿ ಕುದಿಸೀನಿ. ಪನಡುಬ್ಬಿ ನಮ್ಮ ದೇಶದಾಗ ಇನ್ನೂ ಒಂದೂ ಇಲ್ಲ.”

“ಏನದು ಗುಸುಗುಸು?” ಎಂದು ಏಣಿಯ ಮೇಲಿನಿಂದ ಮಲ್ಲಿಕಾರ್ಜುನಪ್ಪ ಗದರಿದನು. “ದೀಪ ಬಿಡೂದು ನಮ್ಮ ಹಗೇವಿನ ರಿವಾಜ ಅಲ್ಲೇನು?”

“ಪನಡುಬ್ಬಿಯಾಗೂ ಅದೇ ರಿವಾಜರಿ,” ಎಂದು ಗೋರಖನಾಥನು ಗಟ್ಟಿಯಾಗಿ ಹೇಳಿದನು. “ಇದು ಒಳಗಿದ್ದು ಬಂದವರಿಗಿ ಮಾತ್ರ ಗೊತ್ತಿರ್ತದ. ಹುಡುಗ ನಮ್ಮವ ಅದಾನ.”

ಅಲ್ಲಿಗೆ ಮುಗಿದಿದ್ದರೆ ಎಲ್ಲವೂ ಸುಸೂತ್ರವಾಗುತ್ತಿತ್ತು. ಆದರೆ ಗೋರಖನಾಥನಿಗೆ ಧೈರ್ಯ ಬಂದು ಹುರುಪು ಏರಿತು. ಊರವರನ್ನು ಹೊರಗೆ ನಿಲ್ಲಿಸಿ, ಉಳಿದವರನ್ನು ಒಳಗಿಳಿಸಿ, “ಈಗ ಮುಳುಗ್ತೀವಿ,” ಎಂದು ಸಾರಿ, ಮುಚ್ಚಳ ಹಾಕಿಸಿ ದೀಪ ಆರಿಸಿದನು. ಗಂಟೆ ಮೊಳಗಿತು. ಹೊರಗೆ ಇಬ್ಬರು ಹಮಾಲರು ಡಬ್ಬಿಯನ್ನು ಹಿಂದಕ್ಕೂ ಮುಂದಕ್ಕೂ ನೂಕಿದರು. ಇನ್ನೊಬ್ಬನು ಮೇಲಿನಿಂದ ಬಕೆಟಿನ ನೀರು ಸುರಿದನು. ಬಾಬುಮಿಯಾ ದೇವರ ಹೆಸರು ಹೇಳತೊಡಗಿದನು. ಮಾಸ್ತರನು ಯಾವುದೋ ಕೊಳವೆಯನ್ನು ಬಿಗಿಯಾಗಿ ಹಿಡಿದುಕೊಂಡನು. ಅದು ಬಾಬುಮಿಯಾನ ತೋಳೆಂದು ಆಮೇಲೆ ತಿಳಿಯಿತು.

ಕತ್ತಲಾದೊಡನೆ ಹಾವಗೆಪ್ಪನು ಕೆಳಗೆ ಕುಳಿತನು. ಮೊಣಕಾಲು ತಾನಾಗಿ ಮಡಚಿದವು. ಆರು ವರ್ಷಗಳು ಎತ್ತಲೋ ಹೋದವು. ಮುಗ್ಗಲು ವಾಸನೆ, ಮೇಲೆ ಮುಚ್ಚಿದ ಬಾಯಿ, ಹೊಟ್ಟೆಯಲ್ಲಿ ಎರಡು ದಿನದ ಹಸಿವು. ಅವನ ಕೈ ತನ್ನಷ್ಟಕ್ಕೆ ಜೇಬಿಗೆ ಹೋಗಿ, ಪಕ್ಕಡ ತೆಗೆದು, ಪಕ್ಕದ ಕಬ್ಬಿಣಕ್ಕೆ ಎರಡು ಸಲ ಬಡಿಯಿತು.

ಟಣ್, ಟಣ್.

ಆಮೇಲೆ ಕತ್ತಲೆಯಲ್ಲಿ ಅವನ ಅಂಗೈ ಮೇಲೆ ಒಂದು ಜೋಳದ ರೊಟ್ಟಿ ಬಂದು ಕುಳಿತಿತು. ಮೇಲೆ ಶೇಂಗಾದ ಹಿಂಡಿ ಸವರಿತ್ತು. ಹಾವಗೆಪ್ಪನು ತಿಂದನು.

ದೀಪ ಹತ್ತಿಸಿದಾಗ ಅವನು ಎಲ್ಲರ ನಡುವೆ ನೆಲದ ಮೇಲೆ ಕುಳಿತಿದ್ದನು. ಒಂದು ಕೈಯಲ್ಲಿ ಅರ್ಧ ರೊಟ್ಟಿ, ಒಂದು ಕೈಯಲ್ಲಿ ತಾಮ್ರದ ತಂತಿಯ ಪಕ್ಕಡ. ಹಿಂದೆ ಗುರಮ್ಮ ಬಿಚ್ಚಿದ ಗಂಟು ಹಿಡಿದು ನಿಂತಿದ್ದಳು.

“ಪನಡುಬ್ಬಿಯಾಗ ಊಟಕ್ಕ ಹಿಂಗೇ ಬಡೀತಾರ್ರಿ,” ಎಂದು ಗೋರಖನಾಥ ಆರಂಭಿಸಿದನು.

“ನೀ ಸುಮ್ಮನಿರಪಾ,” ಎಂದನು ಮಲ್ಲಿಕಾರ್ಜುನಪ್ಪ.

ಅವನು ರೊಟ್ಟಿ ನೋಡಿದನು, ಮಗಳನ್ನು ನೋಡಿದನು, ಪಕ್ಕಡ ನೋಡಿದನು. ತನ್ನ ಚಂಚಿ ಬಿಚ್ಚಿ ಹಳೆಯ ಪಕ್ಕಡ ತೆಗೆದು ಹಾವಗೆಪ್ಪನ ಕೈಯಲ್ಲಿದ್ದುದರ ಪಕ್ಕಕ್ಕೆ ಹಿಡಿದನು. ತಂತಿಯ ಸುತ್ತುಗಳನ್ನು ಎಣಿಸಿದಂತೆ ಕಂಡಿತು.

“ಎಷ್ಟು ದಿನ?”

“ನಾಲ್ಕು ರೀ,” ಎಂದನು ಹಾವಗೆಪ್ಪ.

“ದಿನಕ್ಕ ಎಷ್ಟು ರೊಟ್ಟಿ?”

“ನಾಲ್ಕು,” ಎಂದಳು ಗುರಮ್ಮ.

“ಅದಕ್ಕ ಆಗ ನನ್ನ ತಾಟಿನ್ಯಾಗ ಒಂದೊಂದೇ ಬೀಳ್ತಿತ್ತು. ಕೇಳಿದ್ರ ‘ಲೆವ್ಹಿಯವರು ಜ್ವಾಳ ಒಯ್ದಾರಪ್ಪಾ’ ಅಂದಿ.”

“ಒಯ್ದಿದ್ರಲ್ಲ.”

ಹಾವಗೆಪ್ಪನು ಉಳಿದ ರೊಟ್ಟಿಯನ್ನು ತಿನ್ನಬೇಕೋ ಇಡಬೇಕೋ ತಿಳಿಯದೆ ಹಾಗೆಯೇ ಹಿಡಿದು ಕುಳಿತನು. ಹಲಬರ್ಗಾದ ಹಾದಿ ಮುಚ್ಚಿತೆಂದೇ ಅವನಿಗೆ ಅನಿಸಿತು. ಮಲ್ಲಿಕಾರ್ಜುನಪ್ಪನು ಒಂದು ಅಡಕೆ ಒಡೆದನು. ಒಡೆಯುತ್ತ ಒಡೆಯುತ್ತ ಅವನ ಮುಖ ಬದಲಾಯಿತು. ಬಾಗಿಲಲ್ಲಿ ಬಡಿಗೆ ಹಿಡಿದು ಕುಳಿತ ಕಥೆಯನ್ನು ಅವನು ಆರು ವರ್ಷಗಳಿಂದ ಸಂತೆಸಂತೆಗೆ ಹೇಳಿಕೊಂಡು ಬಂದಿದ್ದನು. ಗುಬ್ಬಿ ಬರಲಿಲ್ಲ ಎಂದಿದ್ದನು. ಹತ್ತು ಮಾರು ಹಿಂದೆ ನೆಲದೊಳಗೆ ಒಬ್ಬ ಆಳು ಕುಳಿತು ತನ್ನದೇ ರೊಟ್ಟಿ ತಿಂದನೆಂದು ಹೊರಗೆ ತಿಳಿದರೆ ಹಲಬರ್ಗಾ ಮೂರು ತಲೆಮಾರು ನಗುವುದು.

ಹೊರಗಿನಿಂದ ಊರವರು ಕೂಗಿದರು: “ಮಲ್ಲಿಕಾರ್ಜುನಪ್ಪೋರ, ಏನಾತ್ರಿ? ಹುಡುಗ ಖರೇನೋ ಸುಳ್ಳೋ?”

ಮಲ್ಲಿಕಾರ್ಜುನಪ್ಪನು ಸಣ್ಣ ಬಾಗಿಲು ತೆರೆದು ತಲೆ ಹೊರಗೆ ಹಾಕಿದನು.

“ಪನಡುಬ್ಬಿಯಾಗೇ ಇದ್ದ. ನನಗ ಖಾತ್ರಿ ಆಗ್ಯದ. ಇನ್ನ ಮ್ಯಾಲ ಯಾರೂ ಕೇಳಬ್ಯಾಡ್ರಿ.”

ಬಾಗಿಲು ಹಾಕಿಕೊಂಡು ಬಂದು ಒಡೆದ ಅಡಕೆಯನ್ನು ಎಲೆಯ ಮೇಲಿಟ್ಟು ಹಾವಗೆಪ್ಪನ ಕೈಗೆ ಕೊಟ್ಟನು. “ಬಾಯಿ ಮುಚ್ಚಿಕೊಂಡು ಇರೂದು ಇಬ್ಬರಿಗೂ ಬರ್ತದ. ಸಂಸಾರ ನಡೀತದ,” ಎಂದನು. ಆಮೇಲೆ ಗೋರಖನಾಥ, ಬಾಬುಮಿಯಾ, ಮಾಸ್ತರ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿ, “ನಾ ಇರೂ ತನಕ ಯಾರೂ ಉಸಿರು ಬಿಡಬಾರ್ದು,” ಎಂದನು. ಯಾರೂ ಬಿಡಲಿಲ್ಲ. ಮದುವೆಯ ದಿನ ಅಳಿಯನಿಗೆ ಕೊಟ್ಟ ಧೋತರದ ಮಡಿಕೆಯಲ್ಲಿ ಹಳೆಯ ಪಕ್ಕಡವೂ ಇತ್ತು.

ಮಲ್ಲಿಕಾರ್ಜುನಪ್ಪನು ತೀರಿಕೊಂಡು ಬಹಳ ಕಾಲವಾಯಿತು. ಹಾಸಿಗೆ ಹಿಡಿದಾಗ ಅವನೇ, “ನಾ ಹೋದ ಮ್ಯಾಲ ಹೇಳ್ರಿ, ಮಂದಿ ನಗಲಿ,” ಎಂದು ಅಪ್ಪಣೆ ಕೊಟ್ಟನು. ಅಂಗಳವನ್ನೂ ಹಗೇವನ್ನೂ ಮಗಳ ಹೆಸರಿಗೆ ಬರೆದನು.

ಹಾವಗೆಪ್ಪನಿಗೆ ಈಗ ಎಪ್ಪತ್ತರ ಹತ್ತಿರ. ಕರೆಂಟು ಬಂದ ಮೇಲೆ ಕಂದೀಲು ಕೇಳುವವರಿಲ್ಲ, ಹಗೇವಿನಲ್ಲಿ ಜೋಳ ಹಾಕುವವರೂ ಇಲ್ಲ. ಅವನು ಹಗೇವನ್ನು ಸಾರಿಸಿ, ತಗಡು ಮತ್ತು ಕನ್ನಡಿಯ ಚೂರುಗಳಿಂದ ಒಂದು ಪೆರಿಸ್ಕೋಪು ಮಾಡಿ ಕೂರಿಸಿದ್ದಾನೆ. ಅದರಲ್ಲಿ ಕಣ್ಣಿಟ್ಟರೆ ಗುರಮ್ಮನ ಒಲೆ ಕಾಣುತ್ತದೆ. ಶಾಲೆಯ ನಾಲಗೆಯಿಲ್ಲದ ಗಂಟೆಯನ್ನು ಮಾಸ್ತರನು ಕಾಣಿಕೆಯಾಗಿ ಕೊಟ್ಟನು. “ಪನಡುಬ್ಬಿ ಸಂಗ್ರಹಾಲಯ, ಹಲಬರ್ಗಾ” ಎಂಬ ಬೋರ್ಡನ್ನೂ ಮಾಸ್ತರನೇ ಬರೆದನು. ಭಾಲ್ಕಿಯಿಂದ, ಔರಾದದಿಂದ ಜನ ಬರುತ್ತಾರೆ. ಯಾರೇ ಬರಲಿ, ಹಾವಗೆಪ್ಪನು ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡುತ್ತಾನೆ. ಆಮೇಲೆ ತಾನು ಮುಂದೆ ಇಳಿದು, ಗೋಡೆಗೆ ಎರಡು ಸಲ ಬಡಿಯುತ್ತಾನೆ. ಮೇಲಿನಿಂದ ಅರಿವೆಯಲ್ಲಿ ರೊಟ್ಟಿ ಇಳಿಯುತ್ತದೆ.

ಹೋದ ತಿಂಗಳು ಮಾಸ್ತರನು ಹೋದಾಗ ನೋಡುವವರು ಬೇರೆ ಯಾರೂ ಇರಲಿಲ್ಲ. ಆದರೂ ಹಾವಗೆಪ್ಪ ಒಳಗಿದ್ದನು.

“ಡಾಕ್ಟರು ಹಿಂಡಿ ತಿನ್ನಬ್ಯಾಡ ಅಂದಾರ್ರಿ ಮಾಸ್ತರ,” ಎಂದು ಗುರಮ್ಮ ದೂರಿದಳು. “ಮ್ಯಾಲ ಕೇಳಿದ್ರ ನಾ ಕೊಡೂದಿಲ್ಲ. ಅದಕ್ಕ ದಿನಾ ಕೆಳಗ ಇಳದು ಬಡೀತಾರ. ಬಡದ್ರ ಇಲ್ಲ ಅನ್ಲಾಕ ಬಾಯಿ ಬರವಲ್ದು.”

ಅಷ್ಟರಲ್ಲಿ ಕೆಳಗಿನಿಂದ ಮೂರು ಸಲ ಬಡಿದ ಸಪ್ಪಳ ಕೇಳಿತು.

“ಮೂರು ಅಂದ್ರ ಏನ್ರಿ ಬಾಯಿ?” ಎಂದು ಮಾಸ್ತರನು ಕೇಳಿದನು.

“ಅದು ಈ ವರ್ಷದ್ದರಿ. ಏಣಿ ಹತ್ತಲಾಕ ಮೊಣಕಾಲು ಏಳವಲ್ವು, ಎಳೀರಿ ಅಂತ.”

ಗುರಮ್ಮ ರೊಟ್ಟಿಯ ಬುಟ್ಟಿಯನ್ನು ಬದಿಗಿಟ್ಟು, ಹಗ್ಗವನ್ನು ಕೆಳಗೆ ಬಿಟ್ಟು, ಅದರ ಇನ್ನೊಂದು ತುದಿಯನ್ನು ಮಾಸ್ತರನ ಕೈಗೆ ಕೊಟ್ಟಳು.